ಒಂಬತ್ತೂವರೆಯ ಕ್ಲಾಸು, ಹೊಂದಾಣಿಕೆಯ ಅಂಕ

ಡಿಗ್ರಿಗೆ ಹೊಸದಾಗಿ ಸೇರಿದ ಮಕ್ಕಳು ಕಾಲೇಜಿಗೆ ಎಷ್ಟರ ಮಟ್ಟಿಗೆ ಹೊಂದಿಕೊಂಡಿದ್ದಾರೆ ಎಂದು ಅಳೆಯುವ ಕೆಲಸ ನಮ್ಮ ಕಾಲೇಜಿನಲ್ಲಿ ನನ್ನ ಪಾಲಿಗೆ ಬಂದು ಹಲವು ವರ್ಷವಾಯಿತು. ಶಿವಮೊಗ್ಗದಲ್ಲಿ ಮನಃಶಾಸ್ತ್ರ ಪಾಠ ಮಾಡುತ್ತೇನೆ. 2019ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ‘ದೀಕ್ಷಾರಂಭ’ ಅನ್ನುವ ಮಾರ್ಗಸೂಚಿ ಹೊರಡಿಸಿ, ಹೊಸ ಮಕ್ಕಳನ್ನು ಕಾಲೇಜಿಗೆ ಬರಮಾಡಿಕೊಳ್ಳುವ ಕಾರ್ಯಕ್ರಮ ನಡೆಸಿ ಎಂದಿತು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದರೆ ಮಕ್ಕಳ ಬಗ್ಗೆ ನೀವೇನು ತಿಳಿದುಕೊಂಡಿದ್ದೀರಿ ಎಂದು ಕೇಳುತ್ತದೆ. ‘ಸೈಕಾಲಜಿ ಮೇಡಂ ಇದ್ದಾರಲ್ಲ, ಪ್ರಶ್ನಾವಳಿ ಅವರೇ ನೋಡಿಕೊಳ್ಳಲಿ’ ಎಂದು ಸಭೆಯಲ್ಲಿ ಆಯಿತು. ನನಗೆ ಈ ಕೆಲಸ ಇಷ್ಟ. ಇಷ್ಟು ವರ್ಷದ ಹಾಳೆಗಳನ್ನು ನೋಡಿದ ಮೇಲೆ ಒಂದು ಮಾತು ಹೇಳಲೇಬೇಕು ಅನಿಸಿದೆ: ಅಂಕ ಕಡಿಮೆ ಬಂದ ಹುಡುಗಿಯನ್ನು ಕರೆದು ಬುದ್ಧಿ ಹೇಳುವ ಮೊದಲು ಕಾಲೇಜಿನ ಟೈಂಟೇಬಲ್ಲನ್ನೂ ಅವಳು ಬರುವ ಬಸ್ಸಿನ ಹೊತ್ತನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಮೊದಲು ಅಳತೆಗೋಲಿನ ವಿಷಯ. ಈ ಕೆಲಸಕ್ಕೆ ಜಗತ್ತಿನಲ್ಲಿ ಹೆಚ್ಚು ಬಳಕೆಯಾಗಿರುವ ಪ್ರಶ್ನಾವಳಿ ಅಮೆರಿಕದ್ದು. ಮ್ಯಾಸಚೂಸೆಟ್ಸ್ ರಾಜ್ಯದ ಕ್ಲಾರ್ಕ್ ವಿಶ್ವವಿದ್ಯಾಲಯದಲ್ಲಿದ್ದ ರಾಬರ್ಟ್ ಬೇಕರ್ ಮತ್ತು ಬೋದನ್ ಸಿರಿಕ್ 1984ರಲ್ಲಿ ಅದರ ಬಗ್ಗೆ ಬರೆದರು. ಆಗ 52 ಹೇಳಿಕೆಗಳಿದ್ದವು, ಆಮೇಲೆ 67 ಆದವು. ಪ್ರತಿ ಹೇಳಿಕೆಯೂ ತನಗೆ ಎಷ್ಟು ಒಪ್ಪುತ್ತದೆ ಎಂದು ವಿದ್ಯಾರ್ಥಿ ಒಂಬತ್ತು ಮೆಟ್ಟಿಲಿನಲ್ಲಿ ಒಂದನ್ನು ಗುರುತಿಸಬೇಕು. ಓದಿಗೆ ಸಂಬಂಧಿಸಿ 24, ಜನರೊಂದಿಗೆ ಬೆರೆಯುವುದಕ್ಕೆ 20, ಮನಸ್ಸು ಮತ್ತು ಮೈಯ ಆರೋಗ್ಯಕ್ಕೆ 15, ಇದು ನನ್ನ ಕಾಲೇಜು ಅನ್ನುವ ನಂಟಿಗೆ 15. ಕೆಲವು ಹೇಳಿಕೆಗಳು ಎರಡು ಭಾಗಕ್ಕೂ ಸೇರುವುದರಿಂದ ಕೂಡಿದರೆ 67 ಮೀರುತ್ತದೆ.

ಈ ನಾಲ್ಕು ಭಾಗ ಮಾಡಿದ್ದೇ ದೊಡ್ಡ ಕೆಲಸ ಎಂದು ನನ್ನ ಅಭಿಪ್ರಾಯ. ಹೊಂದಿಕೊಂಡಿದ್ದಾನೆ ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವ ಅಭ್ಯಾಸ ನಮ್ಮ ಸ್ಟಾಫ್ ರೂಮಿನಲ್ಲಿ ಈಗಲೂ ಇದೆ. ಇಂಟರ್ನಲ್ಸ್‌ನಲ್ಲಿ ಒಳ್ಳೆಯ ಅಂಕ ತೆಗೆಯುವ ಹುಡುಗನ ಬಗ್ಗೆ ಯಾರೂ ಚಿಂತಿಸುವುದಿಲ್ಲ. ಅವನು ದಿನಾ ಸೈಕಲ್ ಸ್ಟ್ಯಾಂಡಿನ ಹಿಂದೆ ಒಬ್ಬನೇ ಕೂತು ಬುತ್ತಿ ಬಿಚ್ಚುವುದು ಅಟೆಂಡರ್ ಅಣ್ಣನಿಗೆ ಮಾತ್ರ ಗೊತ್ತಿರುತ್ತದೆ. ಹಾಳೆಯಲ್ಲಿ ಓದಿನ ಭಾಗ ಮೇಲೆ, ಬೆರೆಯುವ ಭಾಗ ಕೆಳಗೆ ಇದ್ದರೆ ಅದು ನನಗೂ ಕಾಣುತ್ತದೆ.

ನಮ್ಮ ದೇಶದಲ್ಲಿ ಎಂಎ, ಪಿಎಚ್‌ಡಿ ಮಾಡುವವರು ಹೆಚ್ಚಾಗಿ ಹಿಡಿಯುವುದು ಸಿನ್ಹಾ ಮತ್ತು ಸಿಂಗ್ ಅವರ ಪಟ್ಟಿ. ಮನೆ, ಆರೋಗ್ಯ, ಸಮಾಜ, ಭಾವನೆ, ಓದು ಎಂದು ಐದು ವಿಭಾಗ, ಒಟ್ಟು 102 ಪ್ರಶ್ನೆ, ಹೌದು ಇಲ್ಲ ಅಷ್ಟೇ ಉತ್ತರ. ಅದರಲ್ಲಿ ಅಂಕ ಏರಿದಷ್ಟೂ ತೊಂದರೆ ಹೆಚ್ಚು ಎಂದು ಅರ್ಥ. ಬೇಕರ್-ಸಿರಿಕ್‌ನಲ್ಲಿ ಅಂಕ ಏರಿದಷ್ಟೂ ಹೊಂದಾಣಿಕೆ ಚೆನ್ನಾಗಿದೆ ಎಂದು. ಎರಡನ್ನೂ ಜೊತೆಗಿಟ್ಟು ಓದುವ ನಮ್ಮ ಸಂಶೋಧನಾ ವಿದ್ಯಾರ್ಥಿಗಳು ಮೊದಲು ಇದನ್ನು ನೋಡಿಕೊಳ್ಳಬೇಕು. ಸಿನ್ಹಾ-ಸಿಂಗ್‌ರ ಪಟ್ಟಿಯಲ್ಲಿ ಮನೆಗೇ ಒಂದು ವಿಭಾಗ ಇರುವುದು ನನಗೆ ಮುಖ್ಯ ಅನಿಸುತ್ತದೆ. ಯಾಕೆ ಅನ್ನುವುದನ್ನು ಒಬ್ಬ ವಿದ್ಯಾರ್ಥಿನಿ ನನಗಿಂತ ಚೆನ್ನಾಗಿ ಹೇಳಿದಳು.

ರಿಪ್ಪನ್‌ಪೇಟೆಯಿಂದ ಒಳಗಿನ ಹಳ್ಳಿಯವಳು. ಅವಳ ಕೈಗೆ ನಾನು ಕೊಟ್ಟಿದ್ದು ಹಾಸ್ಟೆಲಿನವರನ್ನು ಮನಸ್ಸಿನಲ್ಲಿಟ್ಟು ಮಾಡಿದ ಪ್ರಶ್ನಾವಳಿಯ ಹಾಳೆ. ಮನೆಯ ನೆನಪು ಕಾಡುತ್ತದೆಯೇ, ರೂಮಿನವರ ಜೊತೆ ಹೊಂದಿಕೆ ಇದೆಯೇ ಎಂಬ ಥರದ ಹೇಳಿಕೆಗಳಿದ್ದವು. ಹಾಳೆ ಹಿಡಿದು ನನ್ನ ಮೇಜಿನ ಹತ್ತಿರ ಬಂದಳು.

‘ಮೇಡಂ, ಮನೆ ನೆನಪಾಗುತ್ತಾ ಅಂತ ಕೇಳಿದಾರೆ. ನಾ ದಿನಾ ಸಂಜೆ ಮನೆಗೇ ಹೋಗ್ತೀನಲ್ಲ, ಎಂತ ಬರೀಲಿ?’

‘ಬಿಟ್ಟುಬಿಡು’ ಅಂದೆ.

‘ಬಿಡಲ್ಲ ಮೇಡಂ. ನಂಗೆ ಮನೆಗೆ ಹೋದ್ಮೇಲೆ ಕಾಲೇಜು ನೆನಪಾಗುತ್ತೆ. ಅದಕ್ಕೆ ಜಾಗ ಇಲ್ಲ ಇದ್ರಲ್ಲಿ.’

ಅವತ್ತು ಅವಳ ಪಕ್ಕದಲ್ಲಿ ಕೂತು ಒಂದು ದಿನದ ಲೆಕ್ಕ ಬರೆದುಕೊಂಡೆ. ಬೆಳಿಗ್ಗೆ ಆರಕ್ಕೆ ಮನೆ ಬಿಡುತ್ತಾಳೆ. ತೋಟದ ದಾರಿ ಇಳಿದು, ಹಳ್ಳದ ಸಂಕ (ಕಾಲುಸೇತುವೆ) ದಾಟಿ ಟಾರು ರಸ್ತೆಗೆ ಬರಬೇಕು. ಮಳೆಗಾಲದಲ್ಲಿ ಸಂಕದ ಮೇಲೆ ನೀರು ಬಂದರೆ ಸುತ್ತು ಹಾಕಬೇಕು. ರಿಪ್ಪನ್‌ಪೇಟೆಯಲ್ಲಿ ಬಸ್ಸು ಬದಲಿಸಬೇಕು. ಶಿವಮೊಗ್ಗ ಬಸ್ ಸ್ಟ್ಯಾಂಡಿಗೆ ಬರುವಾಗ ಒಂಬತ್ತೂಕಾಲು, ಅದೂ ಎಲ್ಲ ಸರಿ ಇದ್ದರೆ. ಅಲ್ಲಿಂದ ನಡೆದು ಬಂದು ಒಂಬತ್ತೂವರೆಯ ಕ್ಲಾಸಿಗೆ ಕೂರುತ್ತಾಳೆ. ಸಂಜೆ ನಾಲ್ಕಕ್ಕೆ ಕ್ಲಾಸು ಬಿಟ್ಟ ಕೂಡಲೇ ಓಡಿದರೆ ಒಂದು ಬಸ್ಸು ಇದೆ. ಅದು ತಪ್ಪಿದರೆ ಮನೆ ಸೇರುವಾಗ ಕತ್ತಲೆ, ಅಪ್ಪಯ್ಯ ಬ್ಯಾಟರಿ ಹಿಡಿದು ರಸ್ತೆವರೆಗೆ ಬರಬೇಕು. ಹಾಗಾಗಿ ಎನ್‌ಎಸ್‌ಎಸ್ ಇಲ್ಲ, ಸಂಜೆಯ ಲೈಬ್ರರಿ ಇಲ್ಲ, ಥ್ರೋಬಾಲ್ ಇಲ್ಲ. ಥ್ರೋಬಾಲ್‌ನಲ್ಲಿ ಅವಳು ಪಿಯುನಲ್ಲಿ ತಾಲೂಕು ಮಟ್ಟಕ್ಕೆ ಆಡಿದ್ದವಳು.

ಅವಳ ಹಾಳೆಯಲ್ಲಿ ಏನು ಬಂದಿತ್ತು ಎಂದು ನೀವೇ ಊಹಿಸಬಹುದು. ಬೆರೆಯುವ ಭಾಗದಲ್ಲಿ ಕಡಿಮೆ, ಕಾಲೇಜಿನ ನಂಟಿನ ಭಾಗದಲ್ಲಿ ಕಡಿಮೆ, ಮನಸ್ಸಿನ ಭಾಗದಲ್ಲಿ ತಕ್ಕಮಟ್ಟಿಗೆ ಚೆನ್ನ. ಅದೇ ಸೆಕ್ಷನ್ನಿನಲ್ಲಿ ಹಾಸ್ಟೆಲಿನಲ್ಲಿರುವ ಹುಡುಗಿಯರದ್ದು ಹೆಚ್ಚುಕಡಿಮೆ ಇದಕ್ಕೆ ತಿರುಗಿ ಇರುತ್ತದೆ. ಗೆಳತಿಯರಿದ್ದಾರೆ, ಕಾಲೇಜಿನ ಎಲ್ಲ ಕಾರ್ಯಕ್ರಮದಲ್ಲೂ ಇದ್ದಾರೆ, ಆದರೆ ರಾತ್ರಿ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಅಳು ಬರುತ್ತದೆ. ಇವೆರಡನ್ನೂ ಕೂಡಿಸಿ ಭಾಗಿಸಿ ಸೆಕ್ಷನ್ನಿನ ಸರಾಸರಿ ತೆಗೆದರೆ ಎಲ್ಲರೂ ನಡುವಿನಲ್ಲಿ ಇರುವಂತೆ ಕಾಣುತ್ತದೆ. ‘ಪ್ರಥಮ ವರ್ಷದ ವಿದ್ಯಾರ್ಥಿಗಳ ಹೊಂದಾಣಿಕೆ ಸಾಧಾರಣ ಮಟ್ಟದಲ್ಲಿದೆ’ ಎಂದು ಬರೆದು ಸಹಿ ಹಾಕಿ ಕಡತಕ್ಕೆ ಸೇರಿಸಬಹುದು. ಅಂಥ ವಾಕ್ಯಕ್ಕೆ ನನ್ನ ವಿರೋಧ ಇದೆ, ಅದರಿಂದ ಯಾವ ಹುಡುಗಿಗೂ ಏನೂ ಆಗುವುದಿಲ್ಲ. ಬಸ್ಸಿನವರು, ಹಾಸ್ಟೆಲಿನವರು, ರೂಮು ಮಾಡಿಕೊಂಡವರು, ಊರಲ್ಲೇ ಮನೆ ಇರುವವರು, ನೆಂಟರ ಮನೆಯಲ್ಲಿ ಉಳಿದವರು ಎಂದು ಬೇರೆ ಬೇರೆ ಮಾಡಿಯೇ ಲೆಕ್ಕ ಹಾಕಬೇಕು. ನೆಂಟರ ಮನೆಯಲ್ಲಿ ಉಳಿದವರ ಹಾಳೆಗಳನ್ನು ನಾನು ಎರಡು ಸಲ ಓದುತ್ತೇನೆ. ಚಿಕ್ಕಮ್ಮನ ಮನೆಯಲ್ಲಿದ್ದು ಓದುವ ಹುಡುಗ ಹಾಲು ತರಬೇಕು, ಮಕ್ಕಳನ್ನು ಟ್ಯೂಷನ್ನಿಗೆ ಬಿಡಬೇಕು, ದೂರು ಹೇಳುವಂತಿಲ್ಲ. ಅವರ ಹಾಳೆಯಲ್ಲಿ ಎಲ್ಲದಕ್ಕೂ ನಡುವಿನ ಅಂಕಕ್ಕೇ ಗುರುತು ಬಿದ್ದಿರುವುದನ್ನು ಹಲವು ಸಲ ಕಂಡಿದ್ದೇನೆ.

ಇದರ ಹಿಂದೆ ಒಂದು ದೊಡ್ಡ ವಾದವೂ ಇದೆ. ಮಕ್ಕಳು ಯಾಕೆ ಕಾಲೇಜು ಬಿಡುತ್ತಾರೆ ಎಂಬುದಕ್ಕೆ ಅಮೆರಿಕದ ಶಿಕ್ಷಣ ಸಂಶೋಧಕ ವಿನ್ಸೆಂಟ್ ಟಿಂಟೊ 1975ರಲ್ಲಿ ಕೊಟ್ಟ ವಿವರಣೆ ಬಹಳ ಪ್ರಸಿದ್ಧ: ಕಾಲೇಜಿನ ಓದಿನೊಳಗೂ ಅಲ್ಲಿನ ಬದುಕಿನೊಳಗೂ ಒಂದಾದವರು ಉಳಿಯುತ್ತಾರೆ, ಆಗದವರು ಹೊರಡುತ್ತಾರೆ. ಮುಂದೆ ಟಿಂಟೊ, ಹಳೆಯ ಬಳಗದಿಂದ ಬೇರೆಯಾಗುವುದು, ನಡುವಿನ ದಾಟು, ಹೊಸ ಬಳಗಕ್ಕೆ ಸೇರುವುದು ಎಂದು ಮೂರು ಹಂತ ಹೇಳಿದರು. 1992ರಲ್ಲಿ ಅಲ್ಲಿಯವರೇ ಆದ ಸಂಶೋಧಕ ವಿಲಿಯಂ ಟಿಯರ್ನಿ ಇದನ್ನು ಪ್ರಶ್ನಿಸಿದರು. ಅಮೆರಿಕದ ಮೂಲನಿವಾಸಿ ವಿದ್ಯಾರ್ಥಿಗಳನ್ನು ಮುಂದಿಟ್ಟುಕೊಂಡು, ತಮ್ಮವರನ್ನು ಬಿಟ್ಟು ಬಂದರೆ ಮಾತ್ರ ಕಾಲೇಜಿನಲ್ಲಿ ನೆಲೆ ಎಂದು ಯಾಕೆ ಒಪ್ಪಬೇಕು ಎಂದು ಕೇಳಿದರು. ಟಿಂಟೊ ಕೂಡ ಮುಂದೆ ಮನೆ ಮತ್ತು ಊರಿನ ಬೆಂಬಲಕ್ಕೆ ಜಾಗ ಕೊಟ್ಟರು. ನಾನು ಟಿಯರ್ನಿಯ ಪಕ್ಷ. ನಮ್ಮ ಹುಡುಗಿ ಬೇರೆಯಾಗಿಯೇ ಇಲ್ಲ. ದಿನಾ ದಾಟುತ್ತಾಳೆ, ದಿನಾ ಹಿಂತಿರುಗುತ್ತಾಳೆ, ರಾತ್ರಿ ಅಮ್ಮನ ಜೊತೆ ಅಡುಗೆ ಮನೆಯಲ್ಲಿ ಕೂತು ಅವತ್ತಿನ ಪಾಠ ಹೇಳುತ್ತಾಳೆ. ಅವಳನ್ನು ಕಾಲೇಜಿನಲ್ಲಿ ಉಳಿಸಿರುವುದೇ ಆ ಅಡುಗೆ ಮನೆ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸು ಓಡುವ ದಾರಿಯಲ್ಲಿ ಇಂಥ ಹುಡುಗಿಯರಿಗೆ ದಾರಿ ಖರ್ಚಿನ ಚಿಂತೆ ಹೋಯಿತು. ಹತ್ತಿರದಲ್ಲೆಲ್ಲೂ ಬೇಕಾದ ಕೋರ್ಸು ಇಲ್ಲದ್ದಕ್ಕೆ ಓದು ನಿಲ್ಲಿಸಬೇಕಿದ್ದವರು ಈಗ ಶಿವಮೊಗ್ಗಕ್ಕೆ ಬರುತ್ತಿದ್ದಾರೆ. ಆದರೆ ಮಲೆನಾಡಿನ ಎಷ್ಟೋ ದಾರಿಗಳಲ್ಲಿ ಖಾಸಗಿ ಬಸ್ಸೇ ಗತಿ, ಅಲ್ಲಿ ಈ ಯೋಜನೆ ನಡೆಯುವುದಿಲ್ಲ. ಹುಡುಗರಿಗಂತೂ ಎಲ್ಲೂ ಇಲ್ಲ. ಹಾಗಾಗಿ ‘ದಿನಾ ಓಡಾಡುವವರು’ ಎಂಬ ಒಂದು ಗುಂಪು ಸಾಲದು, ಯಾವ ದಾರಿ ಎಂದು ಕೇಳಬೇಕು. ನಾನು ಈಗ ಹಾಳೆಯ ಮೇಲ್ತುದಿಯಲ್ಲೇ ಮನೆ ಬಿಡುವ ಹೊತ್ತು, ಎಷ್ಟು ಕಡೆ ಬಸ್ಸು ಬದಲಿಸಬೇಕು, ಸಂಜೆಯ ಕೊನೆಯ ಬಸ್ಸು ಯಾವಾಗ ಎಂದು ಕೇಳುತ್ತೇನೆ. ಈ ಮೂರು ಉತ್ತರಗಳಿಂದ ನನಗೆ ತಿಳಿಯುವಷ್ಟು ಉಳಿದ ಹಾಳೆಯಿಂದಲೂ ಕೆಲವೊಮ್ಮೆ ತಿಳಿಯುವುದಿಲ್ಲ.

ಯಾವಾಗ ಕೇಳುತ್ತೇವೆ ಅನ್ನುವುದೂ ಅಷ್ಟೇ ಮುಖ್ಯ. ಹೊರಗಡೆಯ ಅಧ್ಯಯನಗಳಲ್ಲಿ ಸೆಮಿಸ್ಟರಿನ ಇಷ್ಟನೇ ವಾರ ಎಂದು ಬರೆದಿರುತ್ತದೆ. ಇಲ್ಲಿ ವಾರದ ಲೆಕ್ಕಕ್ಕಿಂತ ಮಳೆ ಮತ್ತು ಅಡಿಕೆಯ ಲೆಕ್ಕ ಹೆಚ್ಚು ನಡೆಯುತ್ತದೆ. ತರಗತಿ ಶುರುವಾಗುವ ಹೊತ್ತಿಗೆ ತೀರ್ಥಹಳ್ಳಿ, ಹೊಸನಗರದ ಕಡೆ ಜಡಿಮಳೆ. ಮಳೆಗೆ ರಜೆ ಘೋಷಣೆಯಾದರೂ ಎಷ್ಟೋ ಸಲ ಅದು ಶಾಲೆ ಮತ್ತು ಪಿಯು ಕಾಲೇಜಿಗೆ ಮಾತ್ರ, ಡಿಗ್ರಿಯವರು ಬರಲೇಬೇಕು. ಒದ್ದೆ ಬಟ್ಟೆಯಲ್ಲಿ ಮೂರು ತಾಸು ಕೂತವರ ಕೈಗೆ ಹಾಳೆ ಕೊಟ್ಟು ‘ಇತ್ತೀಚೆಗೆ ನಿಮಗೆ ಆಯಾಸ ಅನಿಸುತ್ತದೆಯೇ’ ಎಂದು ಕೇಳಿದರೆ ಬರುವ ಉತ್ತರ ಮಳೆಯ ಬಗ್ಗೆ. ದೀಪಾವಳಿಯ ಹಿಂದೆಮುಂದೆ ಕೇಳಿದರೆ ಹಾಸ್ಟೆಲಿನವರೆಲ್ಲರಿಗೂ ಮನೆಯದೇ ಧ್ಯಾನ. ನಮ್ಮ ಕಡೆ ದೀಪಾವಳಿಯೇ ದೊಡ್ಡಬ್ಬ, ಅದಕ್ಕೂ ಮುಂಚೆ ಭೂಮಿ ಹುಣ್ಣಿಮೆ ಬೇರೆ. ಆಮೇಲೆ ಅಡಿಕೆ ಕೊಯ್ಲು. ತೋಟ ಇರುವ ಮನೆಯ ಹುಡುಗರು, ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರ ಸಿಕ್ಕ ದಿನ ಕಾಲೇಜಿಗೆ ಬರುವುದಿಲ್ಲ. ತೋಟ ಇಲ್ಲದ ಮನೆಯ ಮಕ್ಕಳು ರಾತ್ರಿ ಅಡಿಕೆ ಸುಲಿಯಲು ಹೋಗುತ್ತಾರೆ, ಸುಲಿದಷ್ಟಕ್ಕೆ ದುಡ್ಡು. ಬೆಳಿಗ್ಗೆ ಬೆಂಚಿಗೆ ತಲೆ ಇಟ್ಟು ಮಲಗಿದವನ ಬೆರಳು ಅಡಿಕೆಯ ಚೊಗರಿಗೆ ಕಪ್ಪಾಗಿರುತ್ತದೆ. ‘ಪಾಠದಲ್ಲಿ ಗಮನ ಇಡಲು ಆಗುತ್ತಿಲ್ಲ’ ಎಂಬ ಸಾಲಿಗೆ ಅವನು ಪೂರ್ತಿ ಅಂಕ ಹಾಕಿದರೆ, ಮನಸ್ಸಿನ ತೊಂದರೆ ಹುಡುಕುವ ಮೊದಲು ಆ ಬೆರಳು ನೋಡಬೇಕು.

ಅದಕ್ಕೇ ಎರಡು ಸಲ ಕೇಳುತ್ತೇನೆ, ಮಳೆಯ ಜೋರು ಇಳಿದ ಮೇಲೆ ಒಮ್ಮೆ, ಹಬ್ಬದ ರಜೆ ಮುಗಿಸಿ ಬಂದು ಸ್ವಲ್ಪ ದಿನವಾದ ಮೇಲೆ ಇನ್ನೊಮ್ಮೆ. ಎರಡನೇ ಸಲ ಸರಾಸರಿ ಏರಿಯೇ ಏರುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಹುದು, ಯಾಕೆಂದರೆ ತೀರಾ ಕಷ್ಟದಲ್ಲಿದ್ದವರಲ್ಲಿ ಹಲವರು ಅಷ್ಟರಲ್ಲಿ ಕಾಲೇಜು ಬಿಟ್ಟಿರುತ್ತಾರೆ. ಎರಡೂ ಸಲ ಬರೆದವರನ್ನು ಮಾತ್ರ ಹೋಲಿಸಬೇಕು. ಅದರಲ್ಲೂ, ಮೊದಲ ಸಲ ತೀರಾ ಕೆಳಗಿದ್ದವರ ಅಂಕ ನಾವು ಏನೂ ಮಾಡದಿದ್ದರೂ ಒಂದಿಷ್ಟು ಮೇಲೆ ಬರುತ್ತದೆ, ಅವತ್ತು ಅವರ ದಿನವೇ ಕೆಟ್ಟಿದ್ದಿರಬಹುದು. ಅದನ್ನು ಕಾಲೇಜಿನ ಸಾಧನೆ ಎಂದು ಬರೆಯಲು ನಾನು ಒಪ್ಪುವುದಿಲ್ಲ.

ಹಾಳೆ ಕೊಡುವ ದಿನ ಬಾರದೇ ಇದ್ದವರು ನನ್ನ ನಿದ್ದೆ ಕೆಡಿಸುತ್ತಾರೆ. ಹೊಂದಾಣಿಕೆ ಅಳೆಯುವವರೆಲ್ಲ ಎದುರಿಗೆ ಕೂತವರನ್ನೇ ಅಳೆಯುತ್ತೇವೆ. ತೀರಾ ಹೊಂದಿಕೊಳ್ಳಲಾರದವನು ಅವತ್ತು ತರಗತಿಯಲ್ಲಿ ಇರುವುದೇ ಇಲ್ಲ. ಆದ್ದರಿಂದ ಹಾಜರಾತಿ ಪುಸ್ತಕವೂ ನನ್ನ ಅಳತೆಗೋಲೇ. 75 ಪರ್ಸೆಂಟ್ ಮುಟ್ಟದವರ ಪಟ್ಟಿ ಸೆಮಿಸ್ಟರಿನ ಕೊನೆಗೆ ಬೋರ್ಡಿನಲ್ಲಿ ಹಾಕುವ ಬದಲು, ಎರಡನೇ ತಿಂಗಳಲ್ಲೇ ಒಬ್ಬೊಬ್ಬರಿಗೂ ಫೋನು ಮಾಡಬೇಕು. ಸಾಗರದ ಕಡೆಯ ಒಬ್ಬ ಹುಡುಗನಿಗೆ ಹಾಗೆ ಮಾಡಿದಾಗ ಅವನು ಆಗಲೇ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿಯಾಗಿತ್ತು. ‘ಕಾಲೇಜು ಇಷ್ಟ ಇತ್ತು ಮೇಡಂ. ಫೀಸು ಕಟ್ಟಿದ್ದೆ. ಹಾಸ್ಟೆಲ್ ಸೀಟು ಸಿಗೋವರೆಗೆ ರೂಮಿನ ಬಾಡಿಗೆ ಕಟ್ಟಕ್ಕೆ ಆಗ್ಲಿಲ್ಲ’ ಅಂದ. ಅವನ ಹೊಂದಾಣಿಕೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಕೆಲವು ವಾರ ತಲೆ ಇಡಲು ಒಂದು ಜಾಗ.

ಹೆಸರು ಬರೆಸಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಬೇರೆ ಕಾಲೇಜಿನವರೂ ಕೇಳುತ್ತಾರೆ. ಹೆಸರಿದ್ದರೆ ಮಕ್ಕಳು ಮೇಡಂಗೆ ಇಷ್ಟವಾಗುವ ಉತ್ತರ ಬರೆಯುತ್ತಾರೆ. ಹೆಸರಿಲ್ಲದಿದ್ದರೆ ನಿಜ ಬರೆಯುತ್ತಾರೆ, ಆದರೆ ಬರೆದವರು ಯಾರೆಂದು ತಿಳಿಯದೆ ಕೈಕಟ್ಟಿ ಕೂರಬೇಕಾಗುತ್ತದೆ. ನಾನು ಅನುಸರಿಸುವ ದಾರಿ ಹೀಗಿದೆ: ತಾಯಿಯ ಹೆಸರಿನ ಮೊದಲ ಅಕ್ಷರ, ತಾನು ಹುಟ್ಟಿದ ತಾರೀಕು, ಊರ ಹೆಸರಿನ ಕೊನೆಯ ಅಕ್ಷರ ಸೇರಿಸಿ ಅವರೇ ಒಂದು ಗುರುತು ಮಾಡಿಕೊಳ್ಳುತ್ತಾರೆ. ಎರಡನೇ ಸಲವೂ ಅದೇ ಗುರುತು ತಾನಾಗಿ ಬರುವುದರಿಂದ ಎರಡು ಹಾಳೆ ಜೋಡಿಸಬಹುದು. ಕೆಳಗೆ ಹರಿದು ಕೊಡುವ ಚೀಟಿ ಬೇರೆ, ‘ಮಾತಾಡಬೇಕು ಅನಿಸಿದರೆ ಹೆಸರು ಬರೆಯಿರಿ’ ಎಂದು. ಅದು ಬೇರೆ ಡಬ್ಬಿಗೆ ಬೀಳುತ್ತದೆ, ಅವತ್ತೇ ಸಂಜೆ ಓದುತ್ತೇನೆ. ಒಂದು ತಾಲೂಕಿನಿಂದ ಒಬ್ಬಳೇ ಇದ್ದರೆ ಅವಳ ಅಂಕವನ್ನು ವರದಿಯಲ್ಲಿ ಬೇರೆಯಾಗಿ ತೋರಿಸುವುದಿಲ್ಲ, ಯಾರೆಂದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ.

ಬದುಕೇ ಬೇಡ ಅನಿಸಿದೆಯೇ ಎಂಬ ಪ್ರಶ್ನೆಯನ್ನು ಹೆಸರಿಲ್ಲದ ಹಾಳೆಯಲ್ಲಿ ನಾನು ಹಾಕುವುದಿಲ್ಲ. ಒಂದು ಮಗು ಹೌದು ಎಂದು ಬರೆದು, ಆ ಹಾಳೆ ನನ್ನ ಕಪಾಟಿನಲ್ಲಿ ಮುಂದಿನ ತಿಂಗಳವರೆಗೆ ಬಿದ್ದಿರುವುದನ್ನು ನೆನೆದರೇ ಕೈ ನಡುಗುತ್ತದೆ. ಆ ಮಾತನ್ನು ಎದುರು ಕೂತು ಕೇಳಬೇಕು, ಕೇಳಿದವರು ಜೊತೆಗೆ ಹೋಗಲು ತಯಾರಿರಬೇಕು. ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಪ್ರತಿ ಹಾಳೆಯ ಹಿಂಬದಿಯಲ್ಲಿ ದೊಡ್ಡದಾಗಿ ಅಚ್ಚು ಹಾಕಿಸಿದ್ದೇನೆ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಇನ್ನು ಇಂಗ್ಲಿಷ್. ಬಿಕಾಂ ಸೇರಿದ ಕನ್ನಡ ಮಾಧ್ಯಮದ ಮಕ್ಕಳಲ್ಲಿ ಓದಿನ ಭಾಗದ ಅಂಕ ಬೀಳುವುದಕ್ಕೆ ಇದೊಂದೇ ಕಾರಣ ಸಾಕು. ಒಬ್ಬ ಹುಡುಗ ಖಾಲಿ ಜಾಗದಲ್ಲಿ ಬರೆದಿದ್ದ: ‘ಪಾಠ ಅರ್ಥ ಆಗುತ್ತೆ, ಪ್ರಶ್ನೆಪತ್ರಿಕೆ ಅರ್ಥ ಆಗಲ್ಲ.’ ನಮ್ಮ ಕಾಮರ್ಸ್ ಸರ್ ಇದನ್ನು ಓದಿ ಮಾರನೆಯ ದಿನದಿಂದಲೇ ಹಳೆಯ ಪ್ರಶ್ನೆಪತ್ರಿಕೆಗಳನ್ನು ತಂದು ಪ್ರತಿ ಪ್ರಶ್ನೆ ಏನು ಕೇಳುತ್ತಿದೆ ಎಂದು ಕನ್ನಡದಲ್ಲಿ ಬಿಡಿಸಿ ಹೇಳಲು ಶುರು ಮಾಡಿದರು. ಒಂಬತ್ತು ಮೆಟ್ಟಿಲಿನ ಯಾವ ಗುರುತೂ ಅವರನ್ನು ಅಷ್ಟು ಬೇಗ ಏಳಿಸುತ್ತಿರಲಿಲ್ಲ. ಖಾಲಿ ಜಾಗ ಬಿಡುವುದನ್ನು ನಾನು ಯಾವತ್ತೂ ಕೈಬಿಡುವುದಿಲ್ಲ.

ಬಸ್ಸಿನವರ ಹಾಳೆಗಳನ್ನು ಬೇರೆ ಮಾಡಿ, ಹೊರಡುವ ಹೊತ್ತು, ತಲುಪುವ ಹೊತ್ತು, ಮೊದಲ ತಾಸಿನ ಹಾಜರಾತಿ ಮೂರನ್ನೂ ಒಂದೇ ಪುಟದಲ್ಲಿ ಬರೆದು ಪ್ರಿನ್ಸಿಪಾಲರ ಮುಂದೆ ಇಟ್ಟೆ. ಟೈಂಟೇಬಲ್ ಸಮಿತಿಯಲ್ಲಿ ಚರ್ಚೆ ಜೋರಾಗಿಯೇ ಆಯಿತು. ಎಲ್ಲರಿಗೂ ತಡವಾಗಿ ಶುರು ಮಾಡಿದರೆ ಸಂಜೆಯ ಬಸ್ಸು ತಪ್ಪುತ್ತದೆ ಎಂದು ಒಬ್ಬರು ಹೇಳಿದ್ದು ಸರಿಯಾಗಿಯೇ ಇತ್ತು. ಕೊನೆಗೆ ಪ್ರಥಮ ವರ್ಷದವರಿಗೆ ಮೊದಲ ತಾಸಿನಲ್ಲಿ ಪಾಠ ಬೇಡ, ಲೈಬ್ರರಿ ಮತ್ತು ಮೆಂಟರ್ ಭೇಟಿ ಇರಲಿ ಎಂದಾಯಿತು. ಎನ್‌ಎಸ್‌ಎಸ್ ಮತ್ತು ಆಟ ಮಧ್ಯಾಹ್ನದ ಊಟದ ನಂತರದ ತಾಸಿಗೆ ಬಂದವು, ವಾರಕ್ಕೆ ಎರಡು ದಿನ. ಬಸ್ಸಿನಲ್ಲಿ ಬರುವ ಹುಡುಗಿಯರಿಗೆ ಒದ್ದೆ ಬಟ್ಟೆ ಬದಲಿಸಲು, ಬುತ್ತಿ ಉಣ್ಣಲು ಮೆಟ್ಟಿಲಿನ ಕೆಳಗಿನ ಕೋಣೆ ತೆರವು ಮಾಡಿಕೊಟ್ಟರು. ಅಲ್ಲಿ ಹಗ್ಗ ಕಟ್ಟಿ ಕೊಡೆ, ಓಡನಿ ಒಣಹಾಕುತ್ತಾರೆ.

ರಿಪ್ಪನ್‌ಪೇಟೆಯ ಹುಡುಗಿ ಈಗ ಥ್ರೋಬಾಲ್ ತಂಡದಲ್ಲಿದ್ದಾಳೆ. ಈ ವರ್ಷದ ಹಾಳೆಯ ಕರಡು ಕೊಟ್ಟು ಓದಿ ನೋಡು ಅಂದಿದ್ದೆ. ಎರಡು ಸಾಲು ಸೇರಿಸಿ ತಂದಳು: ‘ಮನೆಯಲ್ಲಿ ಇರುವಾಗ ಕಾಲೇಜಿನ ನೆನಪಾಗುತ್ತದೆ’ ಮತ್ತು ‘ನನ್ನ ಬಸ್ಸು ತಡವಾದರೆ ಯಾಕೆ ಬಂದಿಲ್ಲ ಎಂದು ಕೇಳುವವರು ಇಲ್ಲಿ ಇದ್ದಾರೆ.’ ಎರಡನ್ನೂ ನಂಟಿನ ಭಾಗಕ್ಕೆ ಸೇರಿಸಿದ್ದೇನೆ. ಸಾಗರ, ತೀರ್ಥಹಳ್ಳಿ, ಶಿಕಾರಿಪುರದ ಕಾಲೇಜುಗಳಲ್ಲಿ ಈ ಕೆಲಸ ಮಾಡುತ್ತಿರುವವರು ಬೇಕಾದರೆ ಬಳಸಿಕೊಳ್ಳಿ, ನಿಮ್ಮ ಮಕ್ಕಳು ಸೇರಿಸಿದ ಸಾಲುಗಳನ್ನು ನನಗೂ ಕಳಿಸಿ. ಮಳೆ ಇಳಿದ ಮೇಲೆ ಮೊದಲ ಸುತ್ತು ಶುರು ಮಾಡುತ್ತೇನೆ, ಅದಕ್ಕೂ ಮುಂಚೆ ಹೊಸ ಬಸ್ಸಿನ ವೇಳಾಪಟ್ಟಿ ತರಿಸಿಕೊಳ್ಳಬೇಕಿದೆ.